ಅಷ್ಟಮಿಗೆ ಗೋಳಿಬಜೆ, ಅಮಾವಾಸ್ಯೆಗೆ ಬನ್ಸ್

ಠಾಣೆಯ ಘೋಡಬಂದರ್ ರಸ್ತೆಯ ಮಾಲ್ ಒಂದಕ್ಕೆ ಬೂಟು ಕೊಳ್ಳಲು ಹೋಗಿದ್ದೆ. ಕಣ್ಣಿಗೆ ಬಿದ್ದದ್ದು ಸೀಸದ ಗುಂಡುಗಳು. ಮೀನಿನ ಗಾಳದ ದಾರಕ್ಕೆ ಕಟ್ಟುತ್ತಾರಲ್ಲ, ದಾರವನ್ನು ನೀರಿನ ತಳಕ್ಕೆ ಒಯ್ದು ನಿಲ್ಲಿಸುವ ಭಾರ, ಅವು. ಜ್ವರದ ಮಾತ್ರೆಗಳ ಹಾಗೆ ಪ್ಲಾಸ್ಟಿಕ್ಕಿನ ಗುಳ್ಳೆಗಳೊಳಗೆ ಐದೈದು ಕೂತಿದ್ದವು. ಮೇಲೆ ಇಂಗ್ಲಿಷಿನಲ್ಲಿ ಗ್ರಾಂ ಅಚ್ಚಾಗಿತ್ತು. ಪಕ್ಕದಲ್ಲೊಂದು ಚಾರ್ಟು: ಇಷ್ಟು ಆಳವಾದರೆ ಇಷ್ಟು ಗ್ರಾಂ. ಅಷ್ಟೇ. ನೀರು ಓಡುತ್ತಿದೆಯೋ ನಿಂತಿದೆಯೋ, ತಳದಲ್ಲಿರುವುದು ಮರಳೋ ಕೆಸರೋ, ಆ ಚಾರ್ಟಿಗೆ ಏನೂ ಬೇಕಾಗಿರಲಿಲ್ಲ.

ಅಂಗಡಿಯವನನ್ನು ಸುಮ್ಮನೆ ಕೆಣಕಿದೆ. ಇಲ್ಲಿಯ ಖಾಡಿಗೆ, ಸಮುದ್ರ ಒಳನುಗ್ಗಿದ ಈ ಹಿನ್ನೀರಿಗೆ, ಯಾವುದು ಸರಿ?

“ಮ್ಯಾಮ್, ತೀಸ್ ಗ್ರಾಮ್ ಲೇ ಲೋ. ಸಬ್ ಜಗಹ್ ಚಲ್ತಾ ಹೈ.”

ಮೂವತ್ತು ಗ್ರಾಮಿನದು ಎಲ್ಲ ಕಡೆಯೂ ನಡೆಯುತ್ತದಂತೆ. ಎಲ್ಲ ಕಡೆ ನಡೆಯುವುದು ಎಂದರೆ ಎಲ್ಲಿಯೂ ಸರಿಯಾಗಿ ನಡೆಯದ್ದು ಎಂದರ್ಥ. ಒಂದು ಪೊಟ್ಟಣವನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದೆ. ನನಗೆ ತಿಳಿಯದಂತೆಯೇ ಬಾಯಿಂದ ಹೊರಟಿತು: “ಗೋಳಿಬಜೆಗಿಂತ ಸ್ವಲ್ಪ ಜಾಸ್ತಿ, ವಡೆಗೆ ಕಡಿಮೆ.” ಅಂಗಡಿಯವನು ನನ್ನನ್ನು ಹುಚ್ಚಿ ಎಂದುಕೊಂಡಿರಬೇಕು. ಬೂಟು ಕೊಳ್ಳದೆ ಹೊರಗೆ ಬಂದೆ...

ಆ ಮಾತು ನನ್ನದಲ್ಲ. ಎದುರುಮನೆ ಮಾಮನದು.

ಕೋಪರಖೈರಣೆಯಲ್ಲಿ ನಮ್ಮ ಮನೆಯ ಬಾಗಿಲು ತೆಗೆದರೆ ಅವರ ಮನೆಯ ಬಾಗಿಲು. ನಡುವೆ ಎರಡು ಸ್ಕೂಟರು ನಿಲ್ಲಿಸುವಷ್ಟು ಜಾಗ. ಮೂಲ್ಕಿ ಕಡೆಯವರು, ವಾಶಿಯ ಒಂದು ಹೋಟೆಲಿನಲ್ಲಿ ಅಡುಗೆ ಮಾಸ್ಟರು. ಬೆಳಿಗ್ಗೆ ಐದಕ್ಕೆ ಹೋದರೆ ಮಧ್ಯಾಹ್ನ ಮೂರಕ್ಕೆ ಬಿಡುವು, ಮತ್ತೆ ಐದೂವರೆಗೆ ಒಲೆಯ ಮುಂದೆ. ಬೇರೆ ಹೋಟೆಲಿನವರು ಆ ಎರಡೂವರೆ ಗಂಟೆ ಮಲಗುತ್ತಾರೆ. ಇವರು ಒಂದು ನೀರಿನ ಬಾಟಲಿಗೆ ನೈಲಾನ್ ದಾರ ಸುತ್ತಿಕೊಂಡು, ಹಾಲಿನ ತೊಟ್ಟೆಯಲ್ಲಿ ಸಿಗಡಿ ಚೂರು ಹಾಕಿಕೊಂಡು, ಖಾಡಿಯ ಹಳೆಯ ಜೆಟ್ಟಿಗೆ ಹೋಗಿ ಗಾಳ ಹಾಕುತ್ತಿದ್ದರು. ಕೋಲು ಗೀಲು ಏನಿಲ್ಲ. ಬಾಟಲಿ, ದಾರ, ಕೊಕ್ಕೆ, ಗುಂಡು.

ನನಗಾಗ ಹದಿನಾರು. ಶಾಲೆಯ ಚರ್ಚಾಕೂಟಗಳಲ್ಲಿ ಎದುರಿನವರನ್ನು ಅಳಿಸಿ ಕಳಿಸುತ್ತಿದ್ದ ಕಾಲ. ಮನೆಯಲ್ಲಿ ನನ್ನ ಜೊತೆ ವಾದಕ್ಕಿಳಿಯಲು ಯಾರೂ ತಯಾರಿರಲಿಲ್ಲ. ಅಪ್ಪ ಮಾರ್ಕೆಟ್ಟಿನ ಕೆಲಸ ಮುಗಿಸಿ ಬಂದು ಟೀವಿಯ ದನಿ ಏರಿಸುತ್ತಿದ್ದರು. ಅಮ್ಮ “ನೀನೇ ಗೆದ್ದೆ, ತಟ್ಟೆ ತೊಳೆ” ಎನ್ನುತ್ತಿದ್ದಳು. ಇಡೀ ಸಾಲಿನಲ್ಲಿ ನಾನು ಹೇಳಿದ್ದನ್ನೆಲ್ಲ ಕೂತು ಕೇಳಿ, ತಲೆಯಾಡಿಸಿ, ಆಮೇಲೆ ತಾವು ಮೊದಲು ಹೇಳಿದ್ದನ್ನೇ ಮತ್ತೆ ಹೇಳುತ್ತಿದ್ದ ಮನುಷ್ಯ ಈ ಮಾಮ ಒಬ್ಬರೇ. ಅದಕ್ಕೇ ಅವರ ಹಿಂದೆ ಜೆಟ್ಟಿಗೆ ಹೋಗತೊಡಗಿದೆ. ಮೀನಿಗಾಗಿ ಅಲ್ಲ, ಸೋಲಿಸಲಿಕ್ಕೆ.

ಅವರಿಗೆ ಗ್ರಾಂ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಆಸೆಯೂ ಇರಲಿಲ್ಲ. ಗುಜರಿ ಅಂಗಡಿಯಿಂದ ಹಳೆಯ ಸೀಸದ ತುಂಡು ತಂದು, ಉಳಿಯಿಂದ ಕತ್ತರಿಸಿ, ಅಂಗಳದ ಕಲ್ಲಿನ ಮೇಲಿಟ್ಟು ಬಡಿಯುತ್ತಿದ್ದರು. ಮಾಮಿ ಒಳಗೆ ಗೋಳಿಬಜೆಗೆ ಮೈದಾ ಕಲಸಿಟ್ಟಿದ್ದರೆ, ಬಲಗೈಯಲ್ಲಿ ಒಂದು ಉಂಡೆ ಹಿಟ್ಟು, ಎಡಗೈಯಲ್ಲಿ ಸೀಸ. ಕಣ್ಣು ಮುಚ್ಚಿ ಎರಡನ್ನೂ ಮೆಲ್ಲಗೆ ಕುಣಿಸುವುದು. ಹೆಚ್ಚಾದರೆ ಸೀಸದ ಅಂಚನ್ನು ಚೂರು ಕೆತ್ತುವುದು. ಮಾಮಿ ಒಳಗಿನಿಂದ ಕೂಗುವರು: “ಆ ಸೀಸದ ಕೈ ನನ್ನ ಪಾತ್ರೆಗೆ ಹಾಕಿದ್ರೆ ಇವತ್ತು ಉಪವಾಸ ನಿಮಗೆ!” ಹೀಗೆ ಮೂರೇ ತೂಕ ಅವರ ಬಳಿ. ಹಗುರದ್ದು ಗೋಳಿಬಜೆ, ನಡುವಿನದು ವಡೆ, ಭಾರದ್ದು ಬನ್ಸ್. ಮೂವತ್ತು ವರ್ಷ ದಿನವಿಡೀ ಹಿಟ್ಟು ಹರಿದು ಎಣ್ಣೆಗೆ ಬಿಟ್ಟ ಕೈ ಅದು. ಅದಕ್ಕೆ ಬೇರೆ ತಕ್ಕಡಿ ಗೊತ್ತಿರಲಿಲ್ಲ.

ಇಷ್ಟಾಗಿದ್ದರೆ ನಾನು ಸಹಿಸುತ್ತಿದ್ದೆನೇನೋ. ಆದರೆ ಯಾವ ದಿನ ಯಾವ ಗುಂಡು ಎಂಬುದನ್ನು ಅವರು ತೀರ್ಮಾನಿಸುತ್ತಿದ್ದದ್ದು ಅಡುಗೆಮನೆಯ ಗೋಡೆಗೆ ನೇತುಹಾಕಿದ್ದ ಊರಿನ ಕ್ಯಾಲೆಂಡರ್ ನೋಡಿ! ದೇವರ ಚಿತ್ರ, ಕೆಳಗೆ ತಿಥಿ ನಕ್ಷತ್ರ ರಾಹುಕಾಲ. ಅಷ್ಟಮಿಯ ಆಸುಪಾಸು ಗೋಳಿಬಜೆ. ಅಮಾವಾಸ್ಯೆ, ಹುಣ್ಣಿಮೆಗೆ ಬನ್ಸ್. ನಡುವಿನ ದಿನಗಳಿಗೆ ವಡೆ.

“ಕಾರಣ?” ಎಂದು ಕೇಳಿದೆ.

“ಅಷ್ಟಮಿಯಿಂದ ಏಕಾದಶಿವರೆಗೆ ಸಮುದ್ರಕ್ಕೆ ಉಪವಾಸ. ಅದಕ್ಕೆ ಶಕ್ತಿ ಇರುದಿಲ್ಲ ಮಾರಾಯ್ತಿ. ಹಗುರದ್ದು ಸಾಕು.”

“ಮತ್ತೆ ಅಮಾವಾಸ್ಯೆಗೆ?”

“ಪಾರಣೆ. ಉಂಡವರ ಕೈ ಎಳೆದಾಟ ಜೋರಿರ್ತದೆ ಅಲ್ವಾ?”

ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ಹೇಳಿ. ಸಮುದ್ರಕ್ಕೆ ಉಪವಾಸ! ಹಾಗಾದರೆ ಅರಬ್ಬಿ ಸಮುದ್ರ ಯಾವ ಮಠದ ಪಂಚಾಂಗ ನೋಡುತ್ತದೆ ಎಂದು ಕೇಳಿದೆ. “ಅದು ಕೇಳ್ಲಿಲ್ಲ ನಾನು,” ಎಂದರು ಗಂಭೀರವಾಗಿ, ಸಿಗಡಿ ಚುಚ್ಚುತ್ತ. ಅವರನ್ನು ತಿರಸ್ಕರಿಸುವುದು ಅಷ್ಟು ಸುಲಭವಾಗಿತ್ತು. ಕೆಲವೊಮ್ಮೆ ನಾಚಿಕೆಯಾಗುವಷ್ಟು ಸುಲಭ... ಆದರೆ ನಾಚಿಕೆಯಾಗಲಿಲ್ಲ, ಅದು ಆಮೇಲಿನ ಮಾತು.

ನ್ಯಾಯವಾಗಿ ಹೇಳಬೇಕೆಂದರೆ, ಅವರ ಎಲ್ಲ ಮಾತೂ ಹೀಗಿರಲಿಲ್ಲ. ಈ ಊರಿಗೆ ಬಂದ ಹೊಸತರಲ್ಲಿ ತಮ್ಮ ಊರಿನ ಅಳಿವೆಯಲ್ಲಿ ಕಾಣೆ ಮೀನಿಗೆ ಹಾಕುತ್ತಿದ್ದ ಉರುಟು ಗುಂಡುಗಳನ್ನೇ ಇಲ್ಲೂ ಹಾಕಿ ಎರಡು ವರ್ಷ ಕಳೆದುಕೊಂಡಿದ್ದರಂತೆ. ಅಲ್ಲಿ ಹೊಯ್ಗೆ, ಬರೀ ಮರಳು; ಇಲ್ಲಿ ಕೆಸರು. ಉರುಟು ಗುಂಡನ್ನು ಖಾಡಿಯ ಕೆಸರು ಹಲ್ಲಿಲ್ಲದ ಅಜ್ಜಿ ಬೆಲ್ಲ ಚೀಪಿದ ಹಾಗೆ ಒಳಗೆಳೆದುಕೊಳ್ಳುತ್ತದೆ. ಎಳೆದರೆ ದಾರ ತುಂಡು. ಜೆಟ್ಟಿಯಲ್ಲಿ ಏಡಿ ಆರಿಸುತ್ತ ಕೂರುವ ಕೋಳಿ ಹೆಂಗಸೊಬ್ಬಳು (ಇಲ್ಲಿಯ ಮೀನುಗಾರರ ಜಾತಿಗೆ ಕೋಳಿ ಎಂದೇ ಹೆಸರು) ಇವರನ್ನು ನೋಡಿ ನೋಡಿ ನಕ್ಕು ಸುಸ್ತಾದ ಮೇಲೆ, ಒಂದು ದಿನ ಇವರ ಗುಂಡನ್ನು ಕಸಿದುಕೊಂಡು ಕಲ್ಲಿನಿಂದ ಚಪ್ಪಟೆ ಬಡಿದು ಕೊಟ್ಟಳಂತೆ. ಅಂದಿನಿಂದ ಇವರದು ಚಪ್ಪಟೆ ಗುಂಡು. “ಗುಂಡು ತಳದಲ್ಲಿ ನಿಲ್ಬೇಕು, ಮಲಗ್ಬಾರ್ದು,” ಎನ್ನುವರು. “ಹಗುರ ಆದ್ರೆ ಓಡಿ ಹೋಗ್ತದೆ, ಭಾರ ಆದ್ರೆ ನಿದ್ದೆ ಮಾಡ್ತದೆ. ಎರಡರಲ್ಲೂ ಮೀನು ಕಚ್ಚಿದ್ದು ಕೈಗೆ ಗೊತ್ತಾಗುದಿಲ್ಲ.” ಇದಕ್ಕೆ ನನ್ನ ಬಳಿ ಪ್ರತಿವಾದ ಇರಲಿಲ್ಲ. ಆದ್ದರಿಂದ ನಾನು ಇದನ್ನು ಕೇಳಿಸಿಕೊಳ್ಳಲಿಲ್ಲ.

ಇನ್ನೂ ಒಂದು ವಿಷಯ. ಅವರ ಕೈಯ ತೂಕವನ್ನು ಬಯಲಿಗೆಳೆಯಬೇಕೆಂದು ಬೇರೆ ಬೇರೆ ತಿಂಗಳಲ್ಲಿ ಮಾಡಿದ ನಾಲ್ಕು ವಡೆ ಗುಂಡುಗಳನ್ನು ಕೇಳಿ ತೆಗೆದುಕೊಂಡು ಹೋಗಿ ಕಾಲೇಜಿನ ಪ್ರಯೋಗಶಾಲೆಯ ತಕ್ಕಡಿಯಲ್ಲಿಟ್ಟೆ. ನಾಲ್ಕರ ನಡುವಿನ ವ್ಯತ್ಯಾಸ ಒಂದು ಚಿಟಿಕೆ ಉಪ್ಪಿನಷ್ಟೂ ಇರಲಿಲ್ಲ. ತಕ್ಕಡಿ ಕೆಟ್ಟಿದೆಯೆಂದು ಪಕ್ಕದ ತಕ್ಕಡಿಯಲ್ಲಿಟ್ಟೆ. ಅಷ್ಟೇ ಬಂತು. ಗುಂಡುಗಳನ್ನು ವಾಪಸು ಕೊಟ್ಟೆ; ಫಲಿತಾಂಶವನ್ನು ಯಾರಿಗೂ ಹೇಳಲಿಲ್ಲ. ಎದುರು ಪಕ್ಷದ ಸಾಕ್ಷಿಯನ್ನು ನಾವೇ ಒದಗಿಸುವುದಿಲ್ಲ. ಅದು ಚರ್ಚೆಯ ಮೊದಲ ಪಾಠ.

ನನಗೆ ಹತ್ತೊಂಬತ್ತಾದಾಗ ಡೊಂಬಿವಲಿಯ ಕನ್ನಡ ಸಂಘವೊಂದು ಚರ್ಚಾ ಸ್ಪರ್ಧೆ ಇಟ್ಟಿತು. ವಿಷಯ: ಇಂದಿನ ಬದುಕಿಗೆ ಪಂಚಾಂಗ ಅಗತ್ಯವಿಲ್ಲ. ನಾನು ಪರ. ಇಂಥ ವಿಷಯಕ್ಕೆ ಎಲ್ಲರೂ ರಾಹುಕಾಲ, ಮದುವೆ ಮುಹೂರ್ತ ಎಂದು ಹಳಸಿದ್ದನ್ನೇ ಬಡಿಸುತ್ತಾರೆ. ನನ್ನ ಬಳಿ ಹೊಸ ಬಿಸಿ ತಿಂಡಿ ಇತ್ತು. ಹಿಂದಿನ ದಿನ ಮಾಮನ ಮನೆಗೆ ಹೋದೆ.

“ಮಾಮ, ಒಂದು ಗೋಳಿಬಜೆ, ಒಂದು ಬನ್ಸ್ ಕೊಡಿ. ಸಂಘದ ಕಾರ್ಯಕ್ರಮಕ್ಕೆ.”

“ಸಂಘಕ್ಕೆ? ಅಲ್ಲಿ ಮೀನು ಉಂಟಾ?”

“ಮಾತಾಡ್ತೇನೆ ನಾಳೆ. ನಿಮ್ಮ ಗುಂಡಿನ ವಿಷಯ ಬರ್ತದೆ.”

ಸುಳ್ಳಲ್ಲ. ಬಂತು. ಆದರೆ ಅವರ ಮುಖ ಅರಳಿದ ರೀತಿ ನೋಡಿಯೂ ನಾನು ಮುಂದಿನ ವಾಕ್ಯ ಹೇಳಲಿಲ್ಲ. ಅವರು ಪೆಟ್ಟಿಗೆ ತೆರೆದು ಇದ್ದುದರಲ್ಲಿ ಚೆಂದದ ಎರಡನ್ನು ಆರಿಸಿ, ಬನಿಯನ್ನಿನ ಅಂಚಿನಿಂದ ಒರೆಸಿ ಕೊಟ್ಟರು. “ಮರೆಯದೆ ಹೇಳು, ಚಪ್ಪಟೆ ಮಾಡ್ಲಿಕ್ಕೆ ಕಲಿಸಿದ್ದು ಆ ಕೋಳಿ ಹೆಂಗಸು ಅಂತ. ಎಲ್ಲ ನಾನೇ ಕಂಡುಹಿಡಿದದ್ದು ಅಂತ ಆಗುದು ಬೇಡ.”

ಮರುದಿನ ಸಭಾಂಗಣದ ಮೂರನೆಯ ಸಾಲಿನಲ್ಲಿ ಅವರಿದ್ದರು. ಇಸ್ತ್ರಿ ಹಾಕಿದ ಬಿಳಿ ಶರಟು. ಅಕ್ಕಪಕ್ಕದಲ್ಲಿ ಹೋಟೆಲಿನ ಐದು ಜನ. ಪಾಳಿ ಬದಲಿಸಿಕೊಂಡು, ಕೋಪರಖೈರಣೆಯಿಂದ ಠಾಣೆಗೆ ಒಂದು ಲೋಕಲ್, ಠಾಣೆಯಿಂದ ಡೊಂಬಿವಲಿಗೆ ಇನ್ನೊಂದು ಹಿಡಿದು ಬಂದಿದ್ದರು. ಇಂದು ವೇದಿಕೆಯಲ್ಲಿ ತಮ್ಮ ವಿಷಯ ಬರುತ್ತದೆ ಎಂದು ಹೇಳಿಯೇ ಮಾಮ ಅವರನ್ನು ಕರೆತಂದಿದ್ದಾರೆ ಎಂಬುದು ನೋಡಿದ ಕೂಡಲೇ ತಿಳಿಯುತ್ತಿತ್ತು. ಜೀವಮಾನದಲ್ಲಿ ಒಂದು ಸಲವೂ ವೇದಿಕೆಯಿಂದ ತನ್ನ ಸುದ್ದಿ ಕೇಳದ ಮನುಷ್ಯ ಕೂರುವ ಹಾಗೆ, ಮೊಣಕಾಲ ಮೇಲೆ ಎರಡೂ ಕೈ ಇಟ್ಟು ಕೂತಿದ್ದರು.

ನಾನು ಎರಡೂ ಕೈ ಎತ್ತಿದೆ. “ಮಾನ್ಯ ಅಧ್ಯಕ್ಷರೇ, ನನ್ನ ಬಲಗೈಯಲ್ಲಿರುವುದು ಅಷ್ಟಮಿಯ ಗೋಳಿಬಜೆ. ಎಡಗೈಯಲ್ಲಿ ಅಮಾವಾಸ್ಯೆಯ ಬನ್ಸ್. ನಮ್ಮ ನೆರೆಯಲ್ಲಿ ಒಬ್ಬ ಹೋಟೆಲ್ ಮಾಸ್ಟರು ಇದ್ದಾರೆ. ಅವರು ಕ್ಯಾಲೆಂಡರ್ ನೋಡದೆ ಗಾಳ ಹಾಕುವುದಿಲ್ಲ. ಅವರ ಪ್ರಕಾರ ಸಮುದ್ರ ಏಕಾದಶಿ ಉಪವಾಸ ಮಾಡುತ್ತದೆ. ನನ್ನ ಪ್ರಶ್ನೆ ಇಷ್ಟೇ: ಮೀನಿಗೆ ತಿಥಿ ಯಾರು ಓದಿ ಹೇಳುತ್ತಾರೆ?”

ಸಭೆ ಉರುಳಾಡಿ ನಕ್ಕಿತು. ಮೊದಲು ನಕ್ಕವರು ಹೋಟೆಲಿನ ಆ ಐದು ಜನ.

ಎದುರು ಪಕ್ಷದ ಬಗ್ಗೆ ಎರಡು ಮಾತು ಹೇಳದಿದ್ದರೆ ನನ್ನ ಹೊಟ್ಟೆಯುರಿ ಆರುವುದಿಲ್ಲ. ಮೈಸೂರಿನಿಂದ ಬಂದು ಠಾಣೆಯ ಯಾವುದೋ ಹಣಕಾಸು ಕಂಪನಿಯಲ್ಲಿದ್ದ ತರುಣ. ಒಳ್ಳೆಯ ಕಂಠ, ಅದಕ್ಕಿಂತ ಒಳ್ಳೆಯ ಜುಬ್ಬ. ಪಂಚಾಂಗ ನಮ್ಮ ಸಂಸ್ಕೃತಿಯ ಬೇರು ಎಂದ. ಬೇರಿಲ್ಲದ ಮರ ಉಂಟೇ ಎಂದ. ಮತ್ತೆ ಬೇರು ಎಂದ. ಅವನ ಪಕ್ಷವನ್ನು ಗೆಲ್ಲಿಸುವ ಒಂದೇ ಒಂದು ವಾಕ್ಯ ಅದೇ ಸಭಾಂಗಣದಲ್ಲಿತ್ತು. ಹತ್ತನೆಯ ತರಗತಿಯ ಭೂಗೋಳ ಓದಿದ ಯಾರ ಬಾಯಿಂದಲಾದರೂ ಅದು ಬರಬಹುದಿತ್ತು. ಅವನಿಗೆ ಹೊಳೆಯಲಿಲ್ಲ, ತೀರ್ಪುಗಾರರಿಗೆ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಓದಿದವರೇ ತುಂಬಿದ ಸಭೆ ಅದು.

ಕೊನೆಗೆ ಸಭಿಕರಿಂದ ಪ್ರಶ್ನೆ. ಕಾರ್ಯದರ್ಶಿಗೆ ಹಾಸ್ಯಪ್ರಜ್ಞೆ ಉಕ್ಕಿ ಬಂತು. “ಆ ಮಾಸ್ಟರು ಇಲ್ಲೇ ಇದ್ದಾರಂತಲ್ಲ!” ಎಂದು ಮೈಕನ್ನು ಮೂರನೆಯ ಸಾಲಿಗೆ ಕಳಿಸಿದ. ಮಾಮ ಎದ್ದು ನಿಂತರು. ಮೈಕನ್ನು ಬಾಟಲಿ ಹಿಡಿದ ಹಾಗೆ ಹಿಡಿದುಕೊಂಡರು. ನಾನು ಕಾದೆ. ನಿಜ ಹೇಳುತ್ತೇನೆ, ಆಸೆಯಿಂದ ಕಾದೆ. ಜೆಟ್ಟಿಯಲ್ಲಿ ನೂರು ಸಲ ನನಗೆ ತಲೆಯಾಡಿಸಿ ಮತ್ತೆ ಅದನ್ನೇ ಹೇಳುತ್ತಿದ್ದ ಮನುಷ್ಯ ಈಗಲೂ ಹೇಳಲಿ, ಬನ್ನಿ ಮಾಮ, ತೋರಿಸುತ್ತೇನೆ ಎಂದು...

“ಹುಡುಗಿ ಚೆಂದ ಮಾತಾಡಿದ್ಳು,” ಎಂದು ಮೈಕ್ ವಾಪಸು ಕೊಟ್ಟು ಕೂತರು.

ಮೊದಲ ಬಹುಮಾನ ನನಗೆ ಬಂತು.

ವಾಪಸಾಗುವಾಗ ಅವರೆಲ್ಲರೂ ನಾನೂ ಲೋಕಲ್ಲಿನ ಒಂದೇ ಡಬ್ಬಿಯಲ್ಲಿದ್ದೆವು. ಹೋಟೆಲಿನ ಸಪ್ಲೈಯರ್ ಒಬ್ಬ ಕಿಟಕಿಯಿಂದ ಬರುತ್ತಿದ್ದ ಗಾಳಿಗೆ ಮುಖವೊಡ್ಡಿ ಕೇಳಿದ: “ಅಷ್ಟಮಿ ಮಾಸ್ಟ್ರೇ, ನಾಳೆ ಇಡ್ಲಿ ಹಿಟ್ಟಿಗೆ ಯಾವ ನಕ್ಷತ್ರ?” ಮತ್ತೆ ನಗು. ಮಾಮನೂ ನಕ್ಕರು. ನನಗೆ ಅವರ ಮೇಲೆ ಇನ್ನಿಲ್ಲದ ಸಿಟ್ಟು ಬಂತು. ಬಾಗಿಲ ಬಳಿ ಎಳೆದು ಕೇಳಿದೆ: “ಉತ್ತರ ಇದ್ದರೆ ಕೊಡಬೇಕಿತ್ತು. ಯಾಕೆ ಕೊಡಲಿಲ್ಲ?”

“ಸ್ಪರ್ಧೆ ನಿಂದಲ್ವಾ ಮಾರಾಯ್ತಿ. ನಾನು ಎಂತಕ್ಕೆ ಮಧ್ಯ ಕೈ ಹಾಕುದು?”

ಈ ಔದಾರ್ಯವನ್ನು ನಾನು ಇಂದಿಗೂ ಮೆಚ್ಚುವುದಿಲ್ಲ. ತಪ್ಪು ವಾದ ಗೆಲ್ಲುತ್ತಿರುವಾಗ ಸೌಜನ್ಯದಿಂದ ಸುಮ್ಮನೆ ಕೂರುವವರು ಒಳ್ಳೆಯವರಲ್ಲ, ಸೋಮಾರಿಗಳು. ಅವರನ್ನು ಹೊಗಳಿ ನೆನಪಿನ ಲೇಖನ ಬರೆಯುವವರು ಬೇಕಾದಷ್ಟಿದ್ದಾರೆ; ನಾನಲ್ಲ.

ಒಂದು ತಿಂಗಳೊಳಗೆ ಆ ಹೆಸರು ಗಟ್ಟಿಯಾಯಿತು. ಹೋಟೆಲಿಗೆ ಹೋದರೆ ಒಳಗೆ ಆರ್ಡರ್ ಕೂಗುವುದೇ ಹಾಗೆ: “ಅಷ್ಟಮಿ ಮಾಸ್ಟ್ರೇ, ದೋ ಮಸಾಲಾ, ಏಕ್ ಸಾದಾ!” ಹಿಟ್ಟು ಹುಳಿಯಾದರೆ ಅಷ್ಟಮಿ, ಸಾಂಬಾರು ಸಪ್ಪೆಯಾದರೆ ಏಕಾದಶಿ. ಮೂವತ್ತು ವರ್ಷ “ಮಾಸ್ಟ್ರೇ” ಎಂದಷ್ಟೇ ಕರೆಸಿಕೊಂಡ ಮನುಷ್ಯ, ನಾಲ್ಕು ನಿಮಿಷದ ನನ್ನ ಭಾಷಣದಿಂದ ಒಂದು ವಿದೂಷಕ ಪಾತ್ರವಾದರು. ನಾನೂ ಅಲ್ಲಿ ಕೂತು ನಕ್ಕಿದ್ದೇನೆ. ಮಾಮ ಜೆಟ್ಟಿಗೆ ಹೋಗುವುದನ್ನು ನಿಲ್ಲಿಸಿದ್ದಾರೆ ಎಂದು ಅಮ್ಮ ಹೇಳಿದಾಗ, ಯಾಕೆಂದು ಅವರನ್ನೇ ಕೇಳಿದೆ. “ಮೊಣಕಾಲು ನೋವು,” ಎಂದರು. ನಂಬಲು ಅನುಕೂಲವಾಗಿತ್ತು. ನಂಬಿದೆ.

ಸಂಘದವರಿಗೆ ನನ್ನ ಗುಂಡುಗಳ ಮೇಲೆ ಮೋಹ ಹತ್ತಿತ್ತು. ಅದನ್ನೇ ಒಂದು ವಿಡಿಯೊ ಮಾಡಿಕೊಡು, ಗುಂಪಿಗೆ ಹಾಕೋಣ ಎಂದರು. ಹೊರಟೆ ಎನ್ನಿ! ಅಮಾವಾಸ್ಯೆಯ ದಿನವೇ ಹಗುರದ ಗುಂಡು ಹಾಕಿ ತೋರಿಸಿಬಿಟ್ಟರೆ ಮುಗಿಯಿತಲ್ಲ. ಆ ಎರಡು ಗುಂಡುಗಳನ್ನು ನಾನು ಮಾಮನಿಗೆ ಹಿಂದಿರುಗಿಸಿರಲಿಲ್ಲ. ಮಧ್ಯಾಹ್ನ ಮೂರೂವರೆಗೆ ಜೆಟ್ಟಿಗೆ ಹೋಗಿ, ಫೋನನ್ನು ಕಂಬಕ್ಕೆ ಒರಗಿಸಿಟ್ಟು, ಗೋಳಿಬಜೆ ಕಟ್ಟಿ ದಾರ ಎಸೆದೆ.

ಗುಂಡು ತಳ ಮುಟ್ಟಲೇ ಇಲ್ಲ. ದಾರ ನನ್ನ ಬೆರಳುಗಳ ನಡುವಿನಿಂದ ಎಡಕ್ಕೆ, ಸಮುದ್ರದ ಕಡೆಗೆ, ಬಸ್ಸು ತಪ್ಪಿಸಿಕೊಂಡವರ ಹಾಗೆ ಓಡಿತು. ಇಡೀ ಖಾಡಿ ಓಡುತ್ತಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ಅಂಚಿನವರೆಗೆ ತುಂಬಿದ್ದ ನೀರು ಒಂದೇ ಉಸಿರಿನಲ್ಲಿ ಇಳಿದು ಹೋಗುತ್ತಿತ್ತು. ಜೆಟ್ಟಿಯ ಕಂಬಗಳ ಸುತ್ತ ಸುಳಿ, ಪ್ಲಾಸ್ಟಿಕ್ ಚೀಲಗಳು, ಒಂದು ಚಪ್ಪಲಿ, ಎಲ್ಲ ಒಟ್ಟಿಗೆ. ನನ್ನ ದಾರ ಮೂರನೆಯ ಕಂಬಕ್ಕೆ ಸುತ್ತಿ ಸಿಕ್ಕಿಹಾಕಿಕೊಂಡು ಪಟ್ಟೆಂದಿತು. ಗೋಳಿಬಜೆ ಹೋಯಿತು.

ಏಡಿ ಆರಿಸುತ್ತಿದ್ದ ಆ ಕೋಳಿ ಹೆಂಗಸು ತಲೆಯೆತ್ತಿದಳು. “ಆಜ್ ಅವಸ್ ಆಹೇ, ಪೋರೀ. ಪಾಣಿ ಬಘ್.” ಇಂದು ಅಮಾವಾಸ್ಯೆ ಹುಡುಗಿ, ನೀರು ನೋಡು. ಆಮೇಲೆ, ತನಗೆ ತಾನೇ ಎಂಬಂತೆ: “ಉಧಾಣ.”

ಉಧಾಣ. ಆ ಮರಾಠಿ ಪದ ನನಗೆ ಗೊತ್ತಿತ್ತು. ಭೂಗೋಳದ ಪುಸ್ತಕದಲ್ಲಿತ್ತು. ಇಂಗ್ಲಿಷಿನಲ್ಲಿ ಸ್ಪ್ರಿಂಗ್ ಟೈಡ್. ಸೂರ್ಯ, ಚಂದ್ರ, ಭೂಮಿ ಒಂದೇ ಗೆರೆಗೆ ಬಂದಾಗ ಎಳೆತ ಹೆಚ್ಚಿ ನೀರು ತುಂಬ ಏರುತ್ತದೆ, ತುಂಬ ಇಳಿಯುತ್ತದೆ, ಆದ್ದರಿಂದ ಜೋರಾಗಿ ಓಡುತ್ತದೆ. ಚಂದ್ರ ಪಕ್ಕಕ್ಕೆ ಸರಿದು ಅರ್ಧವಾದಾಗ ನೀರಿನ ಏರಿಳಿತ ಸಣ್ಣದು, ಓಟ ಮಂದ. ಬಣ್ಣದ ಪೆನ್ಸಿಲಿನಲ್ಲಿ ಚಿತ್ರ ಬರೆದು ಪೂರ್ತಿ ಅಂಕ ತೆಗೆದಿದ್ದೆ. ಮೂರೂ ಒಂದೇ ಗೆರೆಗೆ ಬರುವ ದಿನವನ್ನು ನಮ್ಮ ಅಡುಗೆಮನೆಯಲ್ಲಿ ಅಮಾವಾಸ್ಯೆ, ಹುಣ್ಣಿಮೆ ಎನ್ನುತ್ತಾರೆ, ಅರ್ಧಚಂದ್ರನ ದಿನವನ್ನು ಅಷ್ಟಮಿ ಎನ್ನುತ್ತಾರೆ ಎಂಬ ಸಂಬಂಧ ಮಾತ್ರ ನನ್ನ ತಲೆಗೆ ಒಂದು ಸಲವೂ ಬಂದಿರಲಿಲ್ಲ. ಶಾಲೆಯಲ್ಲಿ ಕಲಿತದ್ದು ಇಂಗ್ಲಿಷಿನ ಕಪಾಟಿನಲ್ಲಿ, ತಿಥಿ ಕನ್ನಡದ ಕಪಾಟಿನಲ್ಲಿ. ನಡುವಿನ ಬಾಗಿಲಿಗೆ ನಾನೇ ಬೀಗ ಹಾಕಿ ಅದಕ್ಕೆ ವಿಚಾರವಾದ ಎಂದು ಹೆಸರಿಟ್ಟಿದ್ದೆ. ಸಮುದ್ರದ ಉಪವಾಸ ಎಂಬ ಮಾತು ಶುದ್ಧ ಬೊಗಳೆ. ಆದರೆ ಆ ಬೊಗಳೆಯ ಮೇಲೆ ನಿಂತ ಮನುಷ್ಯ ಸರಿಯಾದ ಗುಂಡು ಕಟ್ಟುತ್ತಿದ್ದ. ವಿಜ್ಞಾನದ ಮೇಲೆ ನಿಂತ ನಾನು ಕಂಬಕ್ಕೆ ದಾರ ಸುತ್ತಿದ್ದೆ. ಇಬ್ಬರಲ್ಲಿ ಹೆಚ್ಚು ತಿರಸ್ಕಾರಕ್ಕೆ ಅರ್ಹರು ಯಾರು ಎಂದು ಕೇಳಿದರೆ ಆ ದಿನದ ತೀರ್ಪು ಸ್ಪಷ್ಟವಿತ್ತು.

ಬನ್ಸ್ ಕಟ್ಟಿ ಮತ್ತೆ ಎಸೆದೆ. ಗುಂಡು ಇಳಿಯಿತು, ಎರಡು ಹೆಜ್ಜೆ ನಡೆಯಿತು, ನಿಂತಿತು. ದಾರ ಬಿಗಿಯಾಗಿ, ಸಣ್ಣಗೆ ನಡುಗುತ್ತ ನೀರಿಗೆ ಓರೆಯಾಗಿ ನಿಂತುಕೊಂಡಿತು. ಮೀನು ಬೀಳಲಿಲ್ಲ. ವಿಡಿಯೊ ಅಳಿಸಿದೆ.

ಅಂದೇ ಸಂಜೆ ವಾಶಿಗೆ ಹೋದೆ. ಹೇಳಬೇಕಾದ ವಾಕ್ಯ ಚಿಕ್ಕದಿತ್ತು: ಮಾಮ, ನೀವು ಹೇಳಿದ್ದು ಸರಿ, ನಾನು ಹೇಳಿದ್ದು ತಪ್ಪು. ಲೋಕಲ್‌ನಲ್ಲಿ ನಾಲ್ಕು ಸಲ ಅಭ್ಯಾಸ ಮಾಡಿದೆ. ಹೋಟೆಲು ತುಂಬಿತ್ತು. ನನ್ನನ್ನು ಕಂಡ ಸಪ್ಲೈಯರ್ ಒಳಗೆ ಕೂಗಿದ: “ಅಷ್ಟಮಿ ಮಾಸ್ಟ್ರೇ, ನಿಮ್ಮ ವಕೀಲ್ತಿ ಬಂದ್ರು!” ಕೌಂಟರಿನವನು ನಕ್ಕ, ಟೇಬಲ್ ಒರೆಸುವವನು ನಕ್ಕ. ಅಡುಗೆಮನೆಯ ಕಿಂಡಿಯಲ್ಲಿ ಮಾಮನ ಬೆವರಿದ ಮುಖ ಕಾಣಿಸಿತು. ಅವರ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಏನೋ ಒಂದು ಎಚ್ಚರ ಇತ್ತು. ಇನ್ನೇನು ಹೇಳಲಿಕ್ಕೆ ಬಂದಳಪ್ಪ ಇವಳು, ಎಂಬ ಹಾಗೆ.

“ಎಂತ ಮಾರಾಯ್ತಿ, ಎಂ‌ತ ಕೊಡ್ಲಿ?”

ನೂರಾರು ಜನರ ಮುಂದೆ ಮೈಕಿಲ್ಲದೆಯೂ ಕೇಳಿಸುವ ಗಂಟಲು ನನ್ನದು. ಹದಿನೈದು ಜನರ ಮುಂದೆ ಅದೇ ಗಂಟಲಿನಿಂದ ಒಂದು ಚಾ ಎಂದೆ. ಕುಡಿದು ಬಂದೆ.

ಮರುವರ್ಷ ಆ ಹೋಟೆಲು ಮುಚ್ಚಿತು. ಮಾಮ, ಮಾಮಿ ಕಲ್ಯಾಣಕ್ಕೆ ಹೋದರು. ಸ್ಟೇಶನ್ನಿನ ಹತ್ತಿರದ ಇನ್ನೊಂದು ಹೋಟೆಲಿನಲ್ಲಿ ಕೆಲಸ ಸಿಕ್ಕಿತಂತೆ. ಕೋಪರಖೈರಣೆಯಿಂದ ಕಲ್ಯಾಣ ಎಷ್ಟು ದೂರ? ಒಂದು ಸಲ ಗಾಡಿ ಬದಲಿಸಿದರೆ ಆಯಿತು. ನಾನು ಎಂಟು ವರ್ಷ ಬದಲಿಸಲಿಲ್ಲ. ಆ ವಾಕ್ಯ ಎಲ್ಲಿಯೂ ಹೋಗುವುದಿಲ್ಲ, ಯಾವಾಗಲಾದರೂ ಹೇಳಬಹುದು ಎಂದುಕೊಂಡಿದ್ದೆ...

ಕಳೆದ ಮಳೆಗಾಲದಲ್ಲಿ ಸಂಘದ ವಾಟ್ಸಾಪ್ ಗುಂಪಿಗೆ ಯಾರೋ ಒಂದು ಚಿತ್ರ ಹಾಕಿದರು. ಹಾರ ಹಾಕಿದ ಫೋಟೊ, ದೀಪ, ಕೆಳಗೆ ದಪ್ಪಕ್ಷರದಲ್ಲಿ: ನಮ್ಮೆಲ್ಲರ ಪ್ರೀತಿಯ ಅಷ್ಟಮಿ ಮಾಸ್ಟ್ರು ಇನ್ನಿಲ್ಲ. ಅದರ ಕೆಳಗೆ ಕೈಮುಗಿದ ಚಿಹ್ನೆಗಳ ಸಾಲು. ಅದೇ ಕಾರ್ಯದರ್ಶಿ ಒಂದು ಕೈಮುಗಿದಿದ್ದ. ಜುಬ್ಬದ ತರುಣನೂ ಮುಗಿದಿದ್ದ. ಫೋಟೊದಲ್ಲಿದ್ದವರ ನಿಜವಾದ ಹೆಸರು ಆ ಚಿತ್ರದಲ್ಲಿ ಎಲ್ಲಿಯೂ ಇರಲಿಲ್ಲ. ಗುಂಪಿನಲ್ಲಿ ಬಹುತೇಕ ಯಾರಿಗೂ ಅದು ಗೊತ್ತಿರಲಿಲ್ಲ.

ಕಲ್ಯಾಣಕ್ಕೆ ಹೋದೆ. ಮಾಮಿ ಬಾಗಿಲು ತೆಗೆದು, ಗುರುತು ಹಿಡಿದು, ನೀರು ಕೊಟ್ಟರು. ಹೃದಯಾಘಾತ, ಬೆಳಿಗ್ಗೆ ಕೆಲಸಕ್ಕೆ ಹೊರಟವರು ಮೆಟ್ಟಿಲ ಮೇಲೆ ಕೂತರು, ಅಷ್ಟೇ, ಎಂದರು. ಇಲ್ಲಿ ಗಾಳ ಹಾಕುತ್ತಿದ್ದರೇ ಎಂದು ಕೇಳಿದೆ. ಇಲ್ಲವಂತೆ. ಖಾಡಿ ಹತ್ತಿರವೇ ಇದೆ, ಒಂದು ದಿನವೂ ಹೋಗಲಿಲ್ಲವಂತೆ. ಮೊಣಕಾಲು ನೋವಿನಿಂದಲೇ ಎಂದೆ.

“ಯಾವ ಮೊಣಕಾಲು?” ಎಂದರು ಮಾಮಿ.

ಆಮೇಲೆ ನಾನು ಒಂಬತ್ತು ವರ್ಷದಿಂದ ಇಟ್ಟುಕೊಂಡಿದ್ದ ವಾಕ್ಯವನ್ನು ಅವರ ಮುಂದೆ ಇಟ್ಟೆ. ಚಂದ್ರ, ನೀರು, ಅಷ್ಟಮಿ, ಎಲ್ಲ ವಿವರಿಸಿದೆ. ಪ್ರಯೋಗಶಾಲೆಯ ತಕ್ಕಡಿಯ ವಿಷಯವನ್ನೂ ಹೇಳಿದೆ. ಅವರು ಮಧ್ಯ ಬಾಯಿ ಹಾಕದೆ ಕೇಳಿದರು. ನನಗೆ ಅವರು ಅಳಬೇಕಿತ್ತೋ, ಬೈಯಬೇಕಿತ್ತೋ, ತಲೆ ನೇವರಿಸಬೇಕಿತ್ತೋ ಗೊತ್ತಿಲ್ಲ. ಯಾವುದೋ ಒಂದು ಬೇಕಿತ್ತು.

“ಸರಿ ಅಂತ ಅವರಿಗೆ ಗೊತ್ತಿರ್ಲಿಲ್ವಾ?” ಎಂದರು ಕೊನೆಗೆ. “ಅವರಿಗೆ ಹೇಳಿ ಎಂತ ಆಗ್ಬೇಕಿತ್ತು? ನನಗೆ ಹೇಳಿ ಎಂತ ಆಗ್ಬೇಕು? ಹೋಟೆಲಿನವರಿಗೆ ಹೇಳ್ಬೇಕಿತ್ತು ನೀನು. ಇಲ್ಲಿಗೆ ಬಂದ್ರೂ ಆ ಹೆಸರು ಹಿಂದೆಯೇ ಬಂತಲ್ಲ.”

ನೀರಿನ ಲೋಟ ಕೆಳಗಿಟ್ಟು ಎದ್ದು ಬಂದೆ.

ಆದ್ದರಿಂದ ಈ ಬರಹ ಮಾಮನಿಗಾಗಿ ಅಲ್ಲ, ಮಾಮಿಗಾಗಿಯೂ ಅಲ್ಲ. ಅವರಿಗೆ ಬೇಕಾಗಿಲ್ಲ. ಇದನ್ನು ಸಂಘದ ವಾರ್ಷಿಕ ಸಂಚಿಕೆಗೆ ಕೊಡುತ್ತಿದ್ದೇನೆ. ಸಂಚಿಕೆಯನ್ನು ಓದುವವರು ಕಡಿಮೆ, ಆದರೆ ಜಾಹೀರಾತು ಕೊಟ್ಟ ಹೋಟೆಲುಗಳ ಕೌಂಟರಿನ ಮೇಲೆ ಒಂದೊಂದು ಪ್ರತಿ ಬಿದ್ದಿರುತ್ತದೆ. ಪನ್ವೇಲಿನಿಂದ ಕಲ್ಯಾಣದವರೆಗೆ ಎಲ್ಲೆಲ್ಲಿ ಚದುರಿ ಹೋಗಿದ್ದೀರೋ ಆ ಐದು ಜನ, ವಡೆ ಕಟ್ಟಲು ಹಾಳೆ ಹರಿಯುವ ಮೊದಲು ಈ ಪುಟವನ್ನು ಓದಿ. ಅಂದು ಮೊದಲು ನಕ್ಕವರು ನೀವು, ನಗಿಸಿದವಳು ನಾನು. ನೀರು ಮಂದವಾಗಿರುವ ದಿನ ಹಗುರದ ಗುಂಡು, ಓಡುವ ದಿನ ಭಾರದ ಗುಂಡು, ಕೆಸರಿಗೆ ಚಪ್ಪಟೆ ಗುಂಡು. ಮಾಸ್ಟರು ಹೇಳಿದ್ದು ಅಷ್ಟೇ, ಅದು ಸರಿ. ಅವರ ಕಾರಣ ತಪ್ಪಿತ್ತು, ನನ್ನದು ಎಲ್ಲವೂ ತಪ್ಪಿತ್ತು, ಬಹುಮಾನ ನನಗೆ ಬಂತು. ಚಪ್ಪಟೆ ಮಾಡಲು ಕಲಿಸಿದ್ದು ಜೆಟ್ಟಿಯ ಕೋಳಿ ಹೆಂಗಸು. ಅದನ್ನು ಹೇಳು ಎಂದು ಅವರು ಹೇಳಿದ್ದರು, ನಾನು ಹೇಳಿರಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆದಿಲ್ಲ. ಹೆಸರು ಕೆಡಿಸಿದವಳಿಗೆ ಅದನ್ನು ಅಚ್ಚು ಹಾಕಿಸಿ ದೊಡ್ಡವಳಾಗುವ ಹಕ್ಕಿಲ್ಲ. ನೀವು ನಿಮ್ಮ ನಿಮ್ಮ ಅಡುಗೆಮನೆಗಳಲ್ಲಿ ಅವರ ನೆನಪು ತೆಗೆದಾಗ ಬರೀ ಮಾಸ್ಟ್ರು ಎನ್ನಿ. ಮೊದಲು ಹಾಗೇ ಅನ್ನುತ್ತಿದ್ದಿರಿ. ತಿರುಗಿ ನೋಡಲು ಅವರಿಲ್ಲ ಎಂಬುದು ನನಗೆ ಗೊತ್ತು... ಆದರೂ ಎನ್ನಿ.